ಖಾರದ ಕೆಮ್ಮು ಎಂದವರಿಗೆ

ನಾನು ಒಂದು ಕುಟ್ಟಾಣಿ. ಕಲ್ಲಿನ ಕುಟ್ಟಾಣಿ. ಬೊಗಸೆಯಷ್ಟು ಹೊಟ್ಟೆ, ದಪ್ಪ ಅಂಚು, ಜೊತೆಗೊಂದು ಗಿಡ್ಡ ಗುಂಡುಕಲ್ಲು. ಮೆಣಸು, ಶುಂಠಿ, ಓಂಕಾಳು ಕುಟ್ಟುವುದಕ್ಕೆಂದೇ ಹುಟ್ಟಿದವನು. ಮುದ್ದಾದ ಕತೆ ಕೇಳಬಹುದೆಂದು ಕೂತಿದ್ದರೆ ಈಗಲೇ ಎದ್ದು ಹೋಗಿ. ನಾನು ಸಿಟ್ಟಿನಲ್ಲಿದ್ದೇನೆ. ಕಲ್ಲಿಗೆ ಸಿಟ್ಟು ಬೇಗ ಬರುವುದಿಲ್ಲ. ಬಂದರೆ ಬೇಗ ಇಳಿಯುವುದೂ ಇಲ್ಲ.

ನನ್ನನ್ನು ಮಾಡಿದವಳು ಒಡ್ಡರ ಯಂಕವ್ವ. ಊರಾಚೆ ಕಲ್ಲು ಒಡೆಯುವ ಜಾಗದಲ್ಲಿ ಹರಿದ ತಾಡಪತ್ರಿಯ ನೆರಳಿಗೆ ಕೂತು, ಎರಡೂ ಪಾದಗಳ ನಡುವೆ ನನ್ನನ್ನು ಒತ್ತಿ ಹಿಡಿದು, ಉಳಿ ಇಟ್ಟು ಹೊಡೆದಳು. ಮಕ್ಕಳು ಅಳುತ್ತ ಹುಟ್ಟುತ್ತವಂತೆ. ನಾನು ಕಿಡಿ ಹಾರಿಸುತ್ತ ಹುಟ್ಟಿದೆ. ಪ್ರತಿ ಏಟಿಗೂ ಬಿಳಿ ಧೂಳು ಎದ್ದು ಅವಳ ಮೂಗು ಬಾಯಿ ತುಂಬುತ್ತಿತ್ತು. ಅವಳು ಕೆಮ್ಮುವಳು, ದವಡೆಯಲ್ಲಿಟ್ಟ ಬೆಲ್ಲದ ಚೂರನ್ನು ಆ ಕಡೆಯಿಂದ ಈ ಕಡೆಗೆ ದೂಡುವಳು, ಮತ್ತೆ ಹೊಡೆಯುವಳು. ಬೆಲ್ಲ ತಿಂದರೆ ಧೂಳು ಇಳಿದು ಹೋಗುತ್ತದೆಂದು ಅವಳಿಗೆ ಯಾರೋ ಹೇಳಿದ್ದರು. ಹೇಳಿದವರು ಕಲ್ಲು ಒಡೆಯುವವರಲ್ಲ.

ಯಂಕವ್ವ ನನ್ನನ್ನು ಬುಟ್ಟಿಯಲ್ಲಿ ಹೊತ್ತು ಮೆಣಸಿನಕಾಯಿ ಮಂಡಿಯ ಊರಿಗೆ ಬಂದಳು. ಆ ಊರನ್ನು ಕಣ್ಣು ಮುಚ್ಚಿಕೊಂಡೂ ಗುರುತಿಸಬಹುದು. ಗಾಳಿಯೇ ಕೆಂಪು ಅಲ್ಲಿ. ಬಸ್ಸಿನಿಂದ ಇಳಿದವನು ಮೊದಲು ಸೀನುತ್ತಾನೆ, ಆಮೇಲೆ ದಾರಿ ಕೇಳುತ್ತಾನೆ. ಸಂತೆಬೀದಿಯಲ್ಲಿ ನನ್ನನ್ನು ಕೊಂಡವಳು ಗಿರಿಜಕ್ಕ, ಮಂಡಿಯ ದೊಡ್ಡ ವ್ಯಾಪಾರಿ ಕೊಟ್ರಪ್ಪ ಸಾವ್ಕಾರನ ಹೆಂಡತಿ. ಯಂಕವ್ವನೇ ನನ್ನನ್ನು ಅವರ ಮನೆಯವರೆಗೂ ಹೊತ್ತು ತಂದಳು. ಹೊಸ್ತಿಲ ಆಚೆಗೇ ಇಳಿಸಿ ಕುಡಿಯಲು ನೀರು ಕೇಳಿದಳು. ಗಿರಿಜಕ್ಕ ತಂಬಿಗೆಯಿಂದ ಎತ್ತರದಿಂದ ಹೊಯ್ದಳು, ಯಂಕವ್ವ ಬೊಗಸೆಯೊಡ್ಡಿ ಕುಡಿದಳು. ಅವಳು ಬೀದಿ ತಿರುಗುತ್ತಿದ್ದಂತೆ ನನಗೆ ಅರಿಶಿನದ ನೀರಿನ ಸ್ನಾನ. ಕುಂಕುಮ ಬೇರೆ. ನನ್ನೊಳಗೆ ಅವಳ ಬೆವರು ಬಿದ್ದಿತ್ತಲ್ಲ, ಅದನ್ನು ತೊಳೆದು ನನ್ನನ್ನು ಅಡುಗೆಮನೆಯ ಒಳಕ್ಕೆ ಕರೆದುಕೊಂಡರು. ಕಲ್ಲು ಒಳಗೆ ಬರಬಹುದು, ಕಲ್ಲು ಕೆತ್ತಿದವಳು ಬರಬಾರದು. ನಾನು ಕಲಿತ ಮೊದಲ ಪಾಠ ಇದು.

ನ್ಯಾಯವಾಗಿ ಹೇಳುತ್ತೇನೆ, ಗಿರಿಜಕ್ಕನ ಕೈ ಒಳ್ಳೆಯದು. ಹೊಟ್ಟೆ ಉಬ್ಬರಿಸಿದರೆ ಓಂಕಾಳು ಉಪ್ಪು, ನೆಗಡಿಗೆ ಮೆಣಸು ಶುಂಠಿ ಬೆಲ್ಲ, ಹಲ್ಲುನೋವಿಗೆ ಲವಂಗ, ಅಜೀರ್ಣಕ್ಕೆ ಹುರಿದ ಜೀರಿಗೆ. ಎಷ್ಟು ಹುರಿಯಬೇಕು, ಎಷ್ಟು ತರಿ ಇರಬೇಕು, ಯಾವುದನ್ನು ಮೊದಲು ಹಾಕಬೇಕು, ಎಲ್ಲ ಅವಳಿಗೆ ಗೊತ್ತು. ಅವಳ ಕಷಾಯ ಕುಡಿದವರ ಗಂಟಲು ಬಿಟ್ಟಿದ್ದನ್ನು, ಮೂಗು ತೆರೆದದ್ದನ್ನು ನಾನೇ ಕಂಡಿದ್ದೇನೆ. ಶುಂಠಿಯ ಮೇಲೆ ನನಗೆ ಜಗಳವಿಲ್ಲ. ಮೆಣಸಿನ ಮೇಲೂ ಇಲ್ಲ. ಅವೂ ನನ್ನ ಹಾಗೆ, ಯಾರ ಕೈಗೆ ಸಿಕ್ಕರೆ ಅವರ ಕೆಲಸ ಮಾಡುವಂಥವು.

ಜಗಳ ಶುರುವಾಗುವುದು ಹಿತ್ತಿಲ ಗೋಡೆಯ ಆಚೆ. ಅಲ್ಲಿ ಸಾವ್ಕಾರನ ಗೋದಾಮು.

ಸುಗ್ಗಿ ಬಂತೆಂದರೆ ಗೋದಾಮಿನೊಳಗೆ ಮೆಣಸಿನಕಾಯಿಯ ರಾಶಿ ಮಾಳಿಗೆ ಮುಟ್ಟುತ್ತದೆ. ರಾಶಿಯ ಬುಡದಲ್ಲಿ ಸಾಲಾಗಿ ಹೆಂಗಸರು ಕೂತು ಬೆಳಗಿನಿಂದ ಸಂಜೆಯವರೆಗೆ ತೊಟ್ಟು ಬಿಡಿಸುತ್ತಾರೆ. ಕೈಗೆ ಕೊಬ್ಬರಿ ಎಣ್ಣೆ, ಮೂಗಿಗೆ ಸೆರಗು, ಇಷ್ಟೇ ರಕ್ಷಣೆ. ಮನೆಗೆ ಹೋದಮೇಲೆ ಬೂದಿ ಹಾಕಿ ಕೈ ತಿಕ್ಕಿದರೂ ಹಸುಗೂಸನ್ನು ಮುಟ್ಟುವಂತಿಲ್ಲ. ಇಷ್ಟರ ಮೇಲೆ ಗೋದಾಮಿನ ಬಾಗಿಲು ಮುಚ್ಚಿರಬೇಕು. ಗಾಳಿಯಾಡಿದರೆ ಕಾಯಿ ಒಣಗುತ್ತದೆ, ಒಣಗಿದರೆ ತೂಕ ಇಳಿಯುತ್ತದೆ. ಕಾಯಿಯ ತೂಕ ಇಳಿಯಬಾರದೆಂದು ಹೆಂಗಸರ ಉಸಿರು ಇಳಿಸಿದರು. ಒಳಗೆ ಕೆಂಪು ಧೂಳು ಮಂಜಿನ ಹಾಗೆ ನಿಲ್ಲುತ್ತದೆ. ಎಲ್ಲರೂ ಕೆಮ್ಮುತ್ತಾರೆ. ಎಲ್ಲರೂ ಉಗುಳುತ್ತಾರೆ. ಉಗುಳಿದ್ದೆಲ್ಲ ಕೆಂಪು. ಹೊಸದಾಗಿ ಬಂದವಳು ಹೆದರಿದರೆ ಹಳಬರು ನಗುತ್ತಾರೆ: "ಏ ಹುಚ್ಚವ್ವ, ಅದು ಖಾರದ ಕೆಮ್ಮ. ಸುಗ್ಗಿ ಮುಗದ್ರ ಅದೂ ಮುಗೀತೈತಿ."

ಈ ಕೆಮ್ಮಿಗೆ ಗಿರಿಜಕ್ಕ ಮದ್ದು ಕಂಡುಹಿಡಿದಳು. ಪ್ರತಿ ಸಂಜೆ ಕೆಲಸ ಬಿಡುವ ಹೊತ್ತಿಗೆ ದೊಡ್ಡ ಪಾತ್ರೆಯಲ್ಲಿ ಕಷಾಯ ಕುದಿಸಿ ಗೋದಾಮಿನ ಬಾಗಿಲಿಗೆ ತರಿಸುವಳು. ಮೆಣಸು, ಶುಂಠಿ, ಅರಿಶಿನ, ಬೆಲ್ಲ, ಎಲ್ಲ ನನ್ನ ಹೊಟ್ಟೆಯಿಂದಲೇ ಹೋದದ್ದು. ಸ್ಟೀಲಿನ ಲೋಟಗಳು ಬೇರೆ ಇದ್ದವು, ಅಡುಗೆಮನೆಯೊಳಕ್ಕೆ ಬಾರದ ಲೋಟಗಳು. "ಕುಡೀರವ್ವ, ಬಿಸಿಬಿಸಿ ಕುಡೀರಿ. ದವಾಖಾನಿ ಗುಳಿಗಿ ನುಂಗಿ ಮೈ ಕೆಡಸ್ಕೋಬ್ಯಾಡ್ರಿ" ಎನ್ನುವಳು. ಹೆಂಗಸರು ಕುಡಿಯುವರು. ಗಂಟಲಿಗೆ ಹಿತವಾಗುತ್ತಿತ್ತು, ಸುಳ್ಳಲ್ಲ. ಯಾರಾದರೂ ಆಸ್ಪತ್ರೆಗೆ ಹೋಗಲು ರಜೆ ಕೇಳಿದರೆ ಕೊಟ್ರಪ್ಪ ಸಾವ್ಕಾರ ಕನ್ನಡಕದ ಮೇಲಿಂದ ನೋಡಿ ಹೇಳುವನು: "ಯಾಕವಾ, ಅಕ್ಕಾರ ಕಷಾಯ ಕುಡದಿಲ್ಲೇನ? ಇನ್ನೊಂದ ಲೋಟ ಕುಡಿ." ರಜೆ ಅಲ್ಲಿಗೆ ಮುಗಿಯಿತು. ಕಷಾಯ ಹಾಗೆ ಗೋದಾಮಿನ ಎರಡನೆಯ ಬಾಗಿಲಾಯಿತು. ಅದೂ ಮುಚ್ಚಿದ್ದೇ.

ದ್ಯಾಮವ್ವ ಎಂಬವಳು ಒಂದು ಸುಗ್ಗಿಯಲ್ಲಿ ರಾಶಿಯ ಬದಿಯಲ್ಲೇ ಒರಗಿ ಮಲಗಿದಳು. ಮಾರನೆಯ ಸುಗ್ಗಿಗೆ ಬರಲಿಲ್ಲ. ಖಾರ ಎದೆಗೆ ಇಳಿದು ಸತ್ತಳು ಎಂದರು. ಗಿರಿಜಕ್ಕ ಕಣ್ಣೊರೆಸಿಕೊಂಡಳು. ನಿಜವಾದ ಕಣ್ಣೀರೇ. ಆಮೇಲೆ ಕಷಾಯಕ್ಕೆ ಮೆಣಸು ಇನ್ನಷ್ಟು ಹಾಕಿದಳು.

ಅದೇ ವರ್ಷ ಸಾವ್ಕಾರನ ಮೊಮ್ಮಗಳು, ಪುಟ್ಟ ಸಾನ್ವಿ, ಕೆಮ್ಮಿದಳು. ಮಗುವಿನ ಕೆಮ್ಮು ಸಣ್ಣದು, ಬೆಕ್ಕಿನ ಮರಿ ಸೀನಿದ ಹಾಗೆ. ಗಿರಿಜಕ್ಕ ನನ್ನಲ್ಲಿ ತುಳಸಿ ಜಜ್ಜಿ, ಚಿಟಿಕೆ ಮೆಣಸು ಸೇರಿಸಿ, ಜೇನಿನಲ್ಲಿ ಕಲಸಿ ನೆಕ್ಕಿಸಿದಳು. ಬೆರಳು ಒರೆಸಿಕೊಳ್ಳುವ ಮುಂಚೆಯೇ ಕೂಗಿದಳು, "ಏನ್ರೀ, ಡ್ರೈವರ್‌ಗೆ ಹೇಳ್ರಿ, ಕಾರ್ ತಗೀಲಿ. ಹುಬ್ಬಳ್ಳಿಗೆ ಹೋಗೋಣ. ಎದಿ ಗುರ್ ಅಂತೈತಿ ಕೂಸಿಂದು." ಹೋದರು. ಎದೆಯ ಫೋಟೋ ತೆಗೆಸಿದರು, ರಕ್ತ ನೋಡಿಸಿದರು, ಔಷಧಿ ಬಾಟಲಿ ತಂದರು. ಮಗು ಗುಣವಾಯಿತು. ಗಿರಿಜಕ್ಕ ನೆರೆಮನೆಯವರಿಗೆ ಹೇಳಿದ್ದು ಮಾತ್ರ ತುಳಸಿ ಜೇನಿನ ಕತೆ.

ಆ ಮಧ್ಯಾಹ್ನ ಗೋದಾಮಿನ ಬಾಗಿಲ ಸಂದಿಯಿಂದ ಆ ಕಾರು ಹೊರಟಿದ್ದನ್ನು ಮಾಬೂಬಿ ಎಂಬ ಹೆಂಗಸು ನೋಡಿದ್ದಳು. ಇದನ್ನು ನೆನಪಿಡಿ.

ಹೆಸರು ಬೆಳೆಯಿತು. ಮಹಿಳಾ ಮಂಡಳದವರು ಗಿರಿಜಕ್ಕನನ್ನು ಭಾಷಣಕ್ಕೆ ಕರೆದರು. ವಿಷಯ, ಅಡುಗೆಮನೆಯೇ ಔಷಧಾಲಯ. ವೇದಿಕೆಯ ಮೇಜಿನ ಮೇಲೆ ಕಸೂತಿ ಬಟ್ಟೆ ಹಾಸಿ, ಅದರ ಮೇಲೆ ನನ್ನನ್ನು ಇಟ್ಟು ಹೂವು ಏರಿಸಿದರು. "ನಮ್ಮ ಹಿರಿಯರು ಡಾಕ್ಟರ್‌ನ ಮುಖ ನೋಡಲಿಲ್ಲ. ನೂರು ವರ್ಷ ಬದುಕಿದರು" ಎಂದಳು ಗಿರಿಜಕ್ಕ. ಚಪ್ಪಾಳೆ. ನನಗೆ ನಗು ಬಂತು. ಡಾಕ್ಟರ್ ಮುಖ ನೋಡದೆ ಬಾಣಂತನದಲ್ಲೇ ಹೋದವರು, ತೊಟ್ಟಿಲಲ್ಲೇ ಹೋದವರು ಚಪ್ಪಾಳೆ ಹೊಡೆಯಲು ಬರಲಾರರಲ್ಲ. ಬದುಕಿ ಉಳಿದವರು ಮಾತ್ರ ಹಿರಿಯರಾಗುತ್ತಾರೆ. ಶಾಲು ಹೊದಿಸಿದರು, ಹಣ್ಣಿನ ತಟ್ಟೆ ಕೊಟ್ಟರು. ತಟ್ಟೆ ಹೊರಲು ವೇದಿಕೆಯ ಹಿಂದೆ ಒಬ್ಬಳು ನಿಂತಿದ್ದಳು. ಸೆರಗಿನಲ್ಲಿ ಬಾಯಿ ಒತ್ತಿ ಕೆಮ್ಮು ನುಂಗುತ್ತಿದ್ದಳು.

ಅವಳು ಹುಲಿಗೆವ್ವ.

ಸುಗ್ಗಿಯಲ್ಲಿ ತೊಟ್ಟು ಬಿಡಿಸುವವಳು. ಉಳಿದ ಕಾಲಕ್ಕೆ ಗಿರಿಜಕ್ಕನ ಹಿತ್ತಿಲಲ್ಲಿ ಕೂತು ನನ್ನಲ್ಲಿ ಕುಟ್ಟುವವಳು. ಭಾಷಣವಾದಮೇಲೆ ಗಿರಿಜಕ್ಕ ಕಷಾಯದ ಪುಡಿ ಮಾಡಿ ಪೊಟ್ಟಣ ಕಟ್ಟಿ ನೆಂಟರಿಗೆ, ಮಂಡಳದವರಿಗೆ, ಬೆಂಗಳೂರಿನ ಪರಿಚಯದವರಿಗೆ ಕಳಿಸುತ್ತಿದ್ದಳಲ್ಲ, ಅದನ್ನೆಲ್ಲ ಕುಟ್ಟುತ್ತಿದ್ದವಳು ಹುಲಿಗೆವ್ವ. ಪೊಟ್ಟಣದ ಮೇಲೆ ಕೈಯಲ್ಲೇ ಕುಟ್ಟಿದ್ದು ಎಂದು ಬರೆದಿರುತ್ತಿತ್ತು. ಯಾರ ಕೈ ಎಂದು ಬರೆದಿರಲಿಲ್ಲ. ನನ್ನ ಗುಂಡುಕಲ್ಲು ಹಿಡಿದ ಆ ಕೈ ವರ್ಷವರ್ಷಕ್ಕೆ ಹಗುರವಾಗುತ್ತ ಹೋದದ್ದು ನನಗೆ ಗೊತ್ತು. ಮೊದಮೊದಲು ಏಟು ಬಿದ್ದರೆ ನನ್ನ ತಳ ನಡುಗುತ್ತಿತ್ತು. ಕೊನೆಕೊನೆಗೆ ಗುಂಡುಕಲ್ಲು ತಾನೇ ಜಾರಿ ಬಿದ್ದ ಹಾಗೆ ಬೀಳುತ್ತಿತ್ತು. ನಡುನಡುವೆ ನಿಲ್ಲಿಸಿ, ಗೋಡೆಗೆ ಹಣೆ ಆನಿಸಿ ಕೆಮ್ಮುವಳು. ಸಂಜೆಗೆ ಸಣ್ಣ ಜ್ವರ. ರವಿಕೆ ಹೆಗಲಿಂದ ಜಾರುತ್ತಿತ್ತು.

"ಏ ಹುಲಿಗಿ, ಸುಗ್ಗಿ ಮುಗದು ಎಷ್ಟ ದಿನಾತು? ನಿಂದಿನ್ನೂ ಖಾರ ಇಳದಿಲ್ಲೇನ?" ಎನ್ನುವಳು ಜೊತೆಗೆ ಕೂತು ಶುಂಠಿ ಪುಡಿಗೆ ಜರಡಿ ಹಿಡಿಯುವ ಮಾಬೂಬಿ.

"ಹಳೇ ಖಾರಬೇ. ಒಳಗ ಕುಂತ ಬಿಟ್ಟೈತಿ. ಬಾಡಗಿ ಕೊಡಂಗಿಲ್ಲ, ಮನಿ ಬಿಡಂಗಿಲ್ಲ."

ಇಬ್ಬರೂ ನಗುವರು. ನಗು ಕೆಮ್ಮಾಗುವುದು.

ಮಳೆಗಾಲ. ಊರಿನ ಗಾಳಿ ತೊಳೆದ ಹಾಗಿತ್ತು. ಗೋದಾಮು ಖಾಲಿ, ಕೆಂಪೆಂಬುದು ಎಲ್ಲೂ ಇರಲಿಲ್ಲ. ನನ್ನ ಹೊಟ್ಟೆಯಲ್ಲಿ ಒಣಶುಂಠಿಯ ಪುಡಿ ಇತ್ತು, ಹಾಲಿನ ಕೆನೆಯ ಬಣ್ಣದ್ದು. ಹುಲಿಗೆವ್ವ ಗುಂಡುಕಲ್ಲು ಎತ್ತಿದಳು, ಅದು ಅರ್ಧದಲ್ಲೇ ನಿಂತಿತು, ಕೆಮ್ಮು ಬಂತು. ಈ ಸಲ ಗೋಡೆಯ ಕಡೆಗೆ ತಿರುಗಲು ಸಮಯ ಸಿಗಲಿಲ್ಲ. ನನ್ನೊಳಗೆ, ಆ ಬಿಳಿಯ ಪುಡಿಯ ಮೇಲೆ, ಕೆಂಪು ಬಿತ್ತು. ಬಿಸಿಯಾಗಿ ಬಿತ್ತು. ಪುಡಿ ಅದನ್ನು ಹೀರಿಕೊಂಡು ಗಟ್ಟಿಯಾಯಿತು.

ಹುಲಿಗೆವ್ವ ಬಾಯಿ ಒರೆಸಿಕೊಂಡು ಎಂದಿನಂತೆ ಹೇಳಿದಳು, "ಖಾರಬೇ."

ಮಾಬೂಬಿ ಜರಡಿ ಕೆಳಗಿಟ್ಟಳು. ಬಗ್ಗಿ ನನ್ನೊಳಗೆ ನೋಡಿದಳು. "ಯಾ ಅಲ್ಲಾ. ಹುಲಿಗಿ, ಇದು ಖಾರ ಅಲ್ಲಬೇ. ಈಗೆಲ್ಲೈತಿ ಮೆಣಸಿನಕಾಯಿ? ಒಂದ ಕಾಯಿ ತೋರಸ ನನಗ. ಇದು ರಕ್ತ." ಆಮೇಲೆ ಅವಳ ದನಿಯೇ ಬದಲಾಯಿತು. "ದ್ಯಾಮವ್ವಂದೂ ರಕ್ತ ಇತ್ತೇನೊ. ಆ ಕೆಂಪಿನಾಗ ಯಾರ ಗುರ್ತಾ ಹಿಡದ್ರು?"

ಯಾರೂ ಹಿಡಿಯಲಿಲ್ಲ. ಎಲ್ಲರೂ ಕೆಮ್ಮುವ ಜಾಗದಲ್ಲಿ ಒಬ್ಬಳ ಬೇರೆ ಕೆಮ್ಮು ಯಾರ ಕಿವಿಗೆ ಬಿದ್ದೀತು? ಎಲ್ಲರ ಉಗುಳೂ ಕೆಂಪಾದಲ್ಲಿ ರಕ್ತದ ಕೆಂಪು ಯಾರ ಕಣ್ಣಿಗೆ ಕಂಡೀತು?

ಗಿರಿಜಕ್ಕ ಬಂದಳು. ನೋಡಿದಳು. ಮೊದಲು ಅವಳ ಬಾಯಿಂದ ಬಂದದ್ದು ರೂಢಿಯ ಮಾತು: "ಉಷ್ಣ ಆಗೇತಿ. ಕೊತ್ತಂಬರಿ ಬೀಜ, ಜೀರಗಿ ನೆನಸಿ ಕೊಡ್ತೀನಿ. ತಂಪಾಗ್ತೈತಿ." ಅಷ್ಟರಲ್ಲಿ ಸಾನ್ವಿ ಓಡಿಬಂದು ಹುಲಿಗೆವ್ವನ ಬೆನ್ನಿಗೆ ಜೋತುಬಿದ್ದಳು, ದಿನಾ ಬೀಳುವ ಹಾಗೆ. ಗಿರಿಜಕ್ಕನ ಮುಖದಿಂದ ಉಷ್ಣ, ತಂಪು ಎಲ್ಲ ಒಮ್ಮೆಗೇ ಹಾರಿಹೋದವು. ಮಗುವಿನ ರಟ್ಟೆ ಹಿಡಿದು ಎಳೆದಳು. "ಮುಟ್ಟಬ್ಯಾಡ! ಒಳಗ ನಡಿ!"

ಅಂದರೆ ಅವಳಿಗೆ ಗೊತ್ತಿತ್ತು. ಉಷ್ಣ ಅಂಟುವುದಿಲ್ಲ, ಈ ರೋಗ ಅಂಟುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ಆ ತಿಳಿವಳಿಕೆಯನ್ನು ಅವಳು ಹೊಸ್ತಿಲ ಒಳಗಿನವರಿಗಾಗಿ ಎತ್ತಿಟ್ಟಿದ್ದಳು. ಹೊರಗಿನವರಿಗೆ ಕೊತ್ತಂಬರಿ ಬೀಜ.

ಕಾರು ಮತ್ತೆ ಹುಬ್ಬಳ್ಳಿಗೆ ಹೊರಟಿತು, ಮನೆಮಂದಿಯನ್ನೆಲ್ಲ ಹೊತ್ತು. ಹುಲಿಗೆವ್ವನಿಗೆ ಸಿಕ್ಕಿದ್ದು ಒಂದೇ ಮಾತು: "ನಾಳಿಂದ ಬರಬ್ಯಾಡವಾ. ಆರಾಮ ತಗೋ." ನನ್ನನ್ನು ಕಟ್ಟಿಗೆಯ ತುದಿಯಿಂದ ದೂಡಿಸಿ ಹಿತ್ತಿಲ ಗೋಡೆಯಾಚೆ ತಿಪ್ಪೆಗೆ ಉರುಳಿಸಿದರು. ಅರಿಶಿನದ ನೀರು ಈ ಸಲ ಸಾಲಲಿಲ್ಲ. ಹೂವು ಏರಿಸಿದ ಮಂಡಳದವರು ಯಾರೂ ಬರಲಿಲ್ಲ.

ತಿಪ್ಪೆಯಿಂದ ಎತ್ತಿದವಳು ಮಾಬೂಬಿ. "ಕಲ್ಲೇನ ಪಾಪಾ ಮಾಡೇತಿ" ಎನ್ನುತ್ತ ನಲ್ಲಿಯ ಕೆಳಗಿಟ್ಟು ತಿಕ್ಕಿದಳು, ಒಲೆಯ ಮೇಲೆ ನೀರು ಕಾಯಿಸಿ ಸುರಿದಳು. ಆಮೇಲೆ ಹುಲಿಗೆವ್ವನನ್ನು ಎಬ್ಬಿಸಿ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಹುಲಿಗೆವ್ವ ದಾರಿಯುದ್ದಕ್ಕೂ ಬೇಡ ಎಂದಳಂತೆ. "ಅಕ್ಕಾರ ಏನಂತಾರ?" ಎಂದಳಂತೆ. "ನೀ ಸತ್ರೂ ಅಕ್ಕಾರ ಏನೂ ಅನ್ನಂಗಿಲ್ಲ, ನಡಿ" ಎಂದಳಂತೆ ಮಾಬೂಬಿ.

ಟಿ.ಬಿ. ಕಫದ ಡಬ್ಬಿ ಹೇಳಿತು. ಮನೆಮದ್ದಿನ ಎಲ್ಲ ಪೊಟ್ಟಣಗಳಿಗಿಂತ ಸಣ್ಣ ಡಬ್ಬಿ ಅದು. ಗುಳಿಗೆ ಶುರುವಾಯಿತು. ಮೊದಲ ವಾರ ಹುಲಿಗೆವ್ವ ಮತ್ತೆ ಹೆದರಿದಳು, ಮೂತ್ರ ಕೆಂಪಗೆ ಹೋಗುತ್ತಿತ್ತು. "ಇದು ಗುಳಿಗಿ ಬಣ್ಣವಾ, ಹೆದರಬ್ಯಾಡ. ನುಂಗೂದ ಬಿಡಬ್ಯಾಡ" ಎಂದಳು ಮನೆಗೆ ಬರುವ ನರ್ಸು. ಹುಲಿಗೆವ್ವನ ಬದುಕಿನಲ್ಲಿ, ಮಾಬೂಬಿಯ ನಂತರ, ಕೆಂಪಿನ ಬಗ್ಗೆ ನಿಜ ಹೇಳಿದ ಎರಡನೆಯವಳು ಆಕೆ. ಹುಲಿಗೆವ್ವ ಬದುಕಿದಳು. ಕಷಾಯದಿಂದ ಅಲ್ಲ. ಆದರೆ ಅರ್ಧ ಎದೆ ಹೋಗಿತ್ತು. ಮೆಟ್ಟಿಲು ಹತ್ತಿದರೆ ಈಗಲೂ ನಡುವೆ ಕೂರುತ್ತಾಳೆ.

ನರ್ಸು ಇನ್ನೊಂದು ಮಾತು ಹೇಳಿದ್ದಳು. ಹುಲಿಗೆವ್ವನ ಜೊತೆ ಮುಚ್ಚಿದ ಗೋದಾಮಿನಲ್ಲಿ ಕೂತವರೆಲ್ಲರ ಕಫ ನೋಡಬೇಕು. ಕೊಟ್ರಪ್ಪ ಸಾವ್ಕಾರ ನರ್ಸನ್ನು ಗೇಟಿನಲ್ಲೇ ತಡೆದ. "ನನ್ನ ಗೋದಾಮ್ನಾಗ ಟಿ.ಬಿ. ಐತಿ ಅಂತ ಸುದ್ದಿ ಹಬ್ಬಿದ್ರ ಮಾಲ್ ಯಾರ್ ತಗೋತಾರ್ರಿ? ಇಲ್ಲಿ ಯಾರಿಗೂ ಏನೂ ಆಗಿಲ್ಲ. ಖಾರದ ಕೆಮ್ಮ, ಅಷ್ಟ."

ಸುಗ್ಗಿ ಬಂತು. ರಾಶಿ ಬಿತ್ತು. ಹೆಂಗಸರು ಬಂದರು, ಆದರೆ ಒಳಕ್ಕೆ ಹೋಗಲಿಲ್ಲ. ಬಾಗಿಲ ಮುಂದೆ, ಬಿಸಿಲಿನಲ್ಲಿ ಕೂತರು. ಅಂದು ಮಾಬೂಬಿ ನನ್ನನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದಿದ್ದಳು, ಮಗುವನ್ನು ಎತ್ತಿಕೊಂಡ ಹಾಗೆ.

ಸಾವ್ಕಾರ ಬೈದ, ಬೇರೆ ಊರಿಂದ ಆಳು ತರಿಸುತ್ತೇನೆಂದ. ಯಾರೂ ಮಿಸುಕಲಿಲ್ಲ. ಆಗ ಗಿರಿಜಕ್ಕ ಬಂದಳು. ಹಿಂದೆ ಕಷಾಯದ ಪಾತ್ರೆ. ಖಾಲಿ ಲೋಟಗಳನ್ನು ಒಬ್ಬೊಬ್ಬರ ಮುಂದೆ ಇಡಿಸಿದಳು. ಅವಳ ದನಿಯಲ್ಲಿ ನಿಜವಾದ ನೋವಿತ್ತು. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. "ಏನವಾ ಇದು? ಇಷ್ಟ ವರ್ಷ ನಿಮ್ಮನ್ನ ಮನಿ ಮಕ್ಕಳಂಗ ನೋಡ್ಕೊಂಡೀನಿ. ಒಂದಿನಾದ್ರೂ ಕಷಾಯ ತಪ್ಪಿಸೀನೇನ?"

ಮಾಬೂಬಿ ಎದ್ದಳು. "ಇಲ್ಲರೀ ಅಕ್ಕಾರ. ತಪ್ಪಿಸಿಲ್ಲ. ಒಂದ ಕೇಳ್ತೀನಿ, ಸಿಟ್ಟ ಮಾಡಬ್ಯಾಡ್ರಿ. ನಿಮ್ಮ ಸಾನ್ವಿಗೆ ಕೆಮ್ಮ ಬಂದಾಗ ಏನ್ ಮಾಡಿದ್ರಿ?"

ಗಿರಿಜಕ್ಕ ಬಾಯಿ ತೆರೆದಳು. ತುಳಸಿ ಜೇನಿನ ಕತೆ ನಾಲಿಗೆಯ ತುದಿಗೆ ಬಂದಿತ್ತು, ನಾನು ಕಂಡೆ.

"ಕಷಾಯನೂ ಕೊಟ್ರಿ, ಕಾರೂ ತಗದ್ರಿ" ಎಂದಳು ಮಾಬೂಬಿ. "ನಾ ಇದ ಬಾಗಲ ಸಂದ್ಯಾಗಿಂದ ನೋಡೀನಿ. ನಮಗ ಬರೇ ಕಷಾಯ. ಮನಿ ಮಕ್ಕಳು ಅಂದ್ರಲ್ಲರಿ, ಯಾವ ಮನಿದು?"

ಯಾರೋ ಹಿಂದಿನಿಂದ ಕಿಸಕ್ಕೆಂದಳು. ಮತ್ತೊಬ್ಬಳು ತನ್ನ ಮುಂದಿಟ್ಟ ಲೋಟವನ್ನು ಬೋರಲು ಹಾಕಿದಳು. ಪಕ್ಕದವಳೂ ಹಾಕಿದಳು. ಲೋಟಗಳು ಒಂದೊಂದಾಗಿ ಕಲ್ಲುಹಾಸಿನ ಮೇಲೆ ಬೋರಲಾಗುವ ಸದ್ದು ಸಾಲಿನ ಕೊನೆಯವರೆಗೆ ಹೋಯಿತು. ಪಾತ್ರೆಯಲ್ಲಿ ಕಷಾಯ ಆರಿ ಕೆನೆಗಟ್ಟಿತು.

ಅಷ್ಟು ಹೊತ್ತಿಗೆ ಬಿಸಿಲು ಹೋಗಿ ಮೋಡ ಕವಿದಿತ್ತು. ಅಕಾಲದ ಮಳೆಯ ಮೋಡ. ಅಂಗಳದಲ್ಲಿ ಇನ್ನೂ ಒಳಗೆ ಹೋಗದ ರಾಶಿ ಬಿದ್ದಿತ್ತು. ಸಾವ್ಕಾರ ಒಮ್ಮೆ ಮೋಡ ನೋಡಿದ, ಒಮ್ಮೆ ಹೆಂಗಸರನ್ನು ನೋಡಿದ. ಅವನಿಗೆ ಕರುಣೆ ಬಂತೆಂದು ಹೇಳಿದರೆ ನಾನು ಕಲ್ಲಲ್ಲ. ಅವನಿಗೆ ಬಂದದ್ದು ಕಾಯಿ ಕೊಳೆಯುವ ಭಯ. "ಏನ್ ಬೇಕ ನಿಮಗ?" ಎಂದ.

"ನರ್ಸ್ ಒಳಗ ಬರಬೇಕು. ಬಾಗಲಾ ತಗದಿರಬೇಕು."

"ಬಾಗಲಾ ತಗದ್ರ ತೂಕ..."

"ತೂಕ ನಮ್ದೂ ಇಳದೈತ್ರಿ" ಎಂದಳು ಹುಲಿಗೆವ್ವ. ಅಂದು ಅವಳು ಆಡಿದ್ದು ಅದೊಂದೇ ಮಾತು. ಜಾರುವ ರವಿಕೆಯನ್ನು ಹೆಗಲಿಗೆ ಏರಿಸಿಕೊಂಡಳು.

ಸಾವ್ಕಾರ ಮತ್ತೊಮ್ಮೆ ಮೋಡ ನೋಡಿ ಪಕ್ಕಕ್ಕೆ ಸರಿದ. ಮಾಬೂಬಿ ಕಬ್ಬಿಣದ ಬಾಗಿಲನ್ನು ಗೋಡೆಯವರೆಗೂ ದೂಡಿ, ಅದು ಮರಳಿ ಮುಚ್ಚದ ಹಾಗೆ ಅದರ ಬುಡಕ್ಕೆ ನನ್ನನ್ನು ಇಟ್ಟಳು. ಮರುದಿನ ನರ್ಸು ಡಬ್ಬಿಗಳ ಚೀಲ ಹಿಡಿದು ನನ್ನ ಪಕ್ಕದಲ್ಲೇ ಒಳಗೆ ಹೋದಳು. ಇನ್ನೂ ಇಬ್ಬರ ಕಫದಲ್ಲಿ ರೋಗ ಸಿಕ್ಕಿತು. ಇಬ್ಬರೂ ಅಲ್ಲಿಯವರೆಗೆ ಖಾರದ ಕೆಮ್ಮಿನವರು. ಇಬ್ಬರೂ ಈಗ ಗುಳಿಗೆ ನುಂಗುತ್ತಿದ್ದಾರೆ.

ಅಂದಿನಿಂದ ನಾನು ಇಲ್ಲೇ ಇದ್ದೇನೆ. ನನಗೆ ವಯಸ್ಸಾಗಿದೆ. ಅಂಚು ಒಂದು ಕಡೆ ಒಡೆದಿದೆ, ಗುಂಡುಕಲ್ಲು ಎಲ್ಲಿ ಹೋಯಿತೋ ಗೊತ್ತಿಲ್ಲ. ನನ್ನ ಹೊಟ್ಟೆಯಲ್ಲಿ ಈಗ ಮೆಣಸಿಲ್ಲ, ಶುಂಠಿಯಿಲ್ಲ. ಮಳೆ ಬಂದರೆ ನೀರು ನಿಲ್ಲುತ್ತದೆ, ಗುಬ್ಬಿ ಕುಡಿಯುತ್ತದೆ. ಗಿರಿಜಕ್ಕ ಹೊಸ ಕುಟ್ಟಾಣಿ ಕೊಂಡಿದ್ದಾಳಂತೆ. ಭಾಷಣಗಳು ನಡೆದೇ ಇವೆ. ನೀವೂ ಕೇಳಿರಬಹುದು, ಚಪ್ಪಾಳೆಯನ್ನೂ ಹೊಡೆದಿರಬಹುದು. ಹೊಡೆಯಿರಿ. ನಿಮ್ಮ ಮಗು ಕೆಮ್ಮಿದಾಗ ಶುಂಠಿ ಜಜ್ಜಿರಿ, ಜೇನು ಬೆರೆಸಿರಿ, ಬೇಡವೆನ್ನುವುದಿಲ್ಲ. ಆಮೇಲೆ ನೀವು ಏನು ಮಾಡುತ್ತೀರಿ ಎಂದು ನನಗೆ ಗೊತ್ತು. ಅದನ್ನು ನಿಮ್ಮ ಮನೆಯ ಪಾತ್ರೆ ತಿಕ್ಕುವವಳಿಗೂ ಮಾಡಿ, ಇಲ್ಲವಾದರೆ ಅವಳ ಮುಂದೆ ಲೋಟ ಹಿಡಿದು ನಿಲ್ಲಬೇಡಿ.

ಮಧ್ಯಾಹ್ನ ಹೆಂಗಸರು ಉಣ್ಣಲು ಕೂತಾಗ ಸಾವ್ಕಾರನ ಗುಮಾಸ್ತ ಬರುತ್ತಾನೆ. ಆಚೀಚೆ ನೋಡಿ, ಚಪ್ಪಲಿಯ ಕಾಲಿನಿಂದ ನನ್ನನ್ನು ಪಕ್ಕಕ್ಕೆ ತಳ್ಳುತ್ತಾನೆ. ಬಾಗಿಲು ಕಿರುಗುಟ್ಟುತ್ತ ಮುಚ್ಚತೊಡಗುತ್ತದೆ. ಹೊರಗೆ ಬೇವಿನ ಮರದ ಕೆಳಗೆ ಹುಲಿಗೆವ್ವ ಚೀಲ ಹೊಲಿಯುತ್ತ ಕೂತಿರುತ್ತಾಳೆ. ಒಳಗೆ ಕೂರಲು ಅವಳಿಗೆ ಎದೆಯಿಲ್ಲ. ಆ ಸದ್ದು ಕೇಳಿದ್ದೇ ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು ಏಳುತ್ತಾಳೆ, ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ, ಬಂದು ಬಾಗಿಲು ದೂಡುತ್ತಾಳೆ, ಎರಡೂ ಕೈಯಿಂದ ನನ್ನನ್ನು ಎಳೆದು ಅದರ ಬುಡಕ್ಕೆ ಇಡುತ್ತಾಳೆ. ಗುಮಾಸ್ತನನ್ನು ನೋಡುತ್ತಾಳೆ. ಅವನು ಹೋಗುವವರೆಗೂ ನೋಡುತ್ತಾಳೆ.